ಕಲ್ಲಿನ ಜಾಗದಲ್ಲಿ ಮರದ ತುಂಡು

ಪೆಟ್ಟಿಗೆಯ ಮುಚ್ಚಳ ತೆಗೆದ ಮೃಣಾಲಿನಿ ಬೆಚ್ಚಿ ಹಿಂದೆ ಸರಿದಳು. ಕೋಲಿನಂತೆ ಉರುಟಾಗಿ ಕೊರೆದು ತೆಗೆದ ಕಲ್ಲುಗಳ ಸಾಲಿನಲ್ಲಿ ಒಂದು ಮಾಯವಾಗಿತ್ತು— ತುಕ್ಕುಗೆಂಪು ಬಿರುಕಿದ್ದ ಕಲ್ಲು! ಅದರ ಜಾಗದಲ್ಲಿ ಮರದ ತುಂಡು. ಅದರ ಮೇಲೆ ಬರಹ: ‘ಕಲ್ಲು ದೊರೆತಿಲ್ಲ.’

ಹೈದರಾಬಾದಿನ ಹೊರವಲಯದ ಆ ಉಗ್ರಾಣದಲ್ಲಿದ್ದವು ದೂರದ ಒಂದು ಗುಡ್ಡದ ಆಳದಿಂದ ತಂದ ಕಲ್ಲುಗಳು. ಅಣುಸ್ಥಾವರಗಳ ವಿಕಿರಣ ತ್ಯಾಜ್ಯವನ್ನು ಆ ಗುಡ್ಡದಡಿ ಸುರಂಗ ತೋಡಿ ಹೂಳಬಹುದೇ ಎಂಬುದಕ್ಕೆ ಅವೇ ಸಾಕ್ಷಿ. ಬಿರುಕಿದ್ದರೆ ನೀರು ಹರಿಯುತ್ತದೆ; ನೀರಿನೊಡನೆ ವಿಷವೂ ಊರ ಬಾವಿಗಳಿಗೆ ಇಳಿಯುತ್ತದೆ. ಬಿರುಕಿದೆ ಎಂದು ವರದಿ ಬರೆದವಳು ಭೂವಿಜ್ಞಾನಿ ಮೃಣಾಲಿನಿ ಒಬ್ಬಳೇ. ತಜ್ಞರ ಸಮಿತಿ ಸೇರುವುದು ಮರುದಿನ.

“ಇಲ್ಲದ ಬಿರುಕು ಬರದೀರಿ,” ಎಂದ ಯೋಜನೆಯ ಮುಖ್ಯ ಎಂಜಿನಿಯರ್ ಕೇದಾರ. ಸುರಂಗದ ನಕ್ಷೆ ಅವನದೇ. “ವರದಿ ಹಿಂದಕ್ಕ ತಗೋರಿ. ಇಲ್ಲಾ, ಕೆಲಸಾ ಬಿಡ್ರಿ.”

“ಎರಡೂ ಮಾಡಂಗಿಲ್ಲ ಸರ. ಆ ಕಲ್ಲಿನ ಫೋಟೋ ಐತಿ.”

“ಫೋಟೋದಾಗಿನ ಕಲ್ಲು ಯಾವ ಗುಡ್ಡದ್ದೋ, ಯಾರಿಗೆ ಗೊತ್ತು?”

ಮೃಣಾಲಿನಿಯ ದೂರು ಕೇಳಿ, ಸಂಸ್ಥೆಯೊಳಗಿನ ಅಕ್ರಮಗಳ ತನಿಖೆ ಮಾಡುವ ವಿಚಕ್ಷಣಾಧಿಕಾರಿ ಹರ್ಷದಾ ನಗರದ ಅಬಿಡ್ಸ್ ಕಚೇರಿಯಿಂದ ಆಟೋ ಹಿಡಿದು ಬಂದರು. ಉಗ್ರಾಣದ ಕೀಲಿ ಇದ್ದದ್ದು ಮೂವರ ಬಳಿ— ಮೃಣಾಲಿನಿ, ಕೇದಾರ, ಕೊರೆಯುವ ಯಂತ್ರ ನಡೆಸುವ ಹನುಮಂತ. ಕೊರೆಯುವಾಗ ಕಲ್ಲು ಪುಡಿಯಾಗಿ ಹೋದರೆ ಅಲ್ಲಿ ಮರದ ತುಂಡಿಡುವುದು ಹನುಮಂತನ ಕೆಲಸ.

“ಇದನ್ನ ನೀ ಇಟ್ಟಿಯೇನಪಾ?” ಹರ್ಷದಾ ಹನುಮಂತನನ್ನು ಕೇಳಿದರು.

“ನಾ ಇಟ್ಟಿಲ್ರೀ ಬಾಯೀರ.”

“ಇಟ್ಟು ಮರತಿರಬೇಕು,” ಕೇದಾರ ನಕ್ಕ. “ಹೆಂಡ್ತಿ ಹೆಸರು ನೆನಪೈತೇನು ಕೇಳ್ರಿ.”

“ಅದನ್ನ ಮರತ್ರ ಆಕಿ ಜೀವಂತ ಬಿಡಾಂಗಿಲ್ರೀ ಸಾಹೇಬರ.”

ಹರ್ಷದಾ ನಗಲಿಲ್ಲ. “ಹನುಮಂತ, ನೀ ಕಲ್ಲು ಹೆಂಗ ತುಂಡು ಮಾಡ್ತಿ?”

“ಸುತ್ತಿಗೀಲೆ ಒಂದ ಏಟು. ಪೆಟಗ್ಯಾಗ ಹಿಡಿಸಿದ್ರ ಆತು.”

“ಮೃಣಾಲಿನಿ, ನೀನು?”

“ಗರಗಸದಾಗ ಉದ್ದಕ್ಕ ಸೀಳ್ತೀನ್ರೀ. ಅರ್ಧಾ ಪ್ರಯೋಗಾಲಯಕ್ಕ, ಅರ್ಧಾ ಪೆಟಗೀಗೆ.”

“ಕೇದಾರ, ನೀವು?”

“ಎರಡೂ ತುದಿ ಅಡ್ಡ ಕೊಯ್ದು ಸಪಾಟ ಮಾಡ್ತೀವಿ. ಆಮ್ಯಾಲ ಒತ್ತಿ ಗಟ್ಟಿತನ ನೋಡೋದು. ಇದೇನ್ ಬಾಯೀರ, ನಮಗ ಪರೀಕ್ಷಾ ಹಚ್ಚೀರೇನು?”

“ಹೌದ್ರೀ. ಒಬ್ಬರು ಫೇಲ್ ಆಗ್ಯಾರ.”

ಹರ್ಷದಾ ಮರದ ತುಂಡನ್ನು ಕಿತ್ತು, ಅದರ ಅಕ್ಕಪಕ್ಕದ ಎರಡು ಕಲ್ಲುಗಳನ್ನು ಎತ್ತಿದರು. ಮರಕ್ಕೆ ತಾಗಿ ಮರೆಯಾಗಿದ್ದ ಎರಡು ಮುಖಗಳೂ ಸಪಾಟಾಗಿದ್ದವು!

“ಎಲ್ಲಾರೂ ಖಾಲಿ ಜಾಗಾನೇ ನೋಡಿದ್ರಿ, ಬಾಜೂದ ಕಲ್ಲು ಯಾರೂ ಎತ್ತಲಿಲ್ಲ. ಕೊರೀವಾಗ ಪುಡಿ ಆಗಿದ್ರ ಈ ತುದಿ ಉಜ್ಜಿ ಉಜ್ಜಿ ದುಂಡಗ ಆಗಿರತಿದ್ವು. ಹನುಮಂತ ಒಡದಿದ್ರ ಮುಖ ಒರಟು. ಮೃಣಾಲಿನಿ ಕೊಯ್ದಿದ್ರ ಉದ್ದಕ್ಕ. ಇದು ಅಡ್ಡ ಕೊಯ್ದದ್ದು. ಬಿರುಕು ಓರೆಯಾಗಿ ಬಾಜೂದ ಕಲ್ಲಿಗೂ ಇಳದಿರಬೇಕು. ಸುಳಿವು ಉಳೀಬಾರದಂತ ಕೊಯ್ಯಬೇಕಾತು. ಕೈ ಮಾತ್ರ ದಿನಾ ಕೊಯ್ದಂಗ ಕೊಯ್ತು. ಹೌದಲ್ರೀ, ಕೇದಾರ?”

ಕೇದಾರ ಒಂದು ಹೆಜ್ಜೆ ಮುಂದೆ ಬಂದ. “ಕೊಯ್ದದ್ದು ಖರೆ. ಆದ್ರ ಅಲ್ಲಿ ಬಿರುಕಿತ್ತಂತ ಹೆಂಗ ಹೇಳ್ತೀರಿ?”

ಹರ್ಷದಾ ತಮ್ಮ ಬಾಟಲಿಯ ನೀರನ್ನು ಒಂದು ಕಲ್ಲಿನ ಮುಖಕ್ಕೆ ಸುರಿದರು. ಬೂದು ಕಲ್ಲು ಕಪ್ಪಾಯಿತು. ಅಂಚಿನಲ್ಲಿ, ಕೊಯ್ದರೂ ಉಳಿದುಹೋಗಿದ್ದ ಬಿರುಕಿನ ತುದಿ ಒಂದು ಗೆರೆಯಾಗಿ ಮೂಡಿತು. ಹನುಮಂತ ಹೇಳುವಂತೆ ಅದು ಕೂದಲಿನಷ್ಟಿತ್ತು. ಹರ್ಷದಾ ಹೇಳುವಂತೆ ದಾರದಷ್ಟು. ಕೆಂಪಗಿತ್ತೆಂಬಲ್ಲಿ ಇಬ್ಬರದೂ ಒಂದೇ ಮಾತು.

“ಒಂದು ಗೆರೀ ಸಲುವಾಗಿ ಇಷ್ಟು ವರ್ಷದ ಕೆಲಸಾ ನಿಂದ್ರಬೇಕೇನು?” ಕೇದಾರ ಕೂಗಿದ.

“ಗೆರೀ ಅಲ್ಲ ಸರ, ನೀರಿನ ದಾರಿ,” ಎಂದಳು ಮೃಣಾಲಿನಿ.

ಅವನ ದನಿ ಇಳಿಯಿತು. “ನಿಮ್ಮ ವರದಿ ಇರಲಿ. ಕೊಯ್ದ ಮಾತು ಮಾತ್ರ ಇಲ್ಲೇ ಮುಗಸೂಣು.”

ಮೃಣಾಲಿನಿ ಎರಡೂ ಕಲ್ಲುಗಳನ್ನು ಎದೆಗವಚಿಕೊಂಡಳು.

“ಮುಗಸಂಗಿಲ್ಲ. ನಾಳೆ ಸಮಿತಿ ಮುಂದ ಇವನ್ನ ಇಡ್ತೀನಿ. ನೀರು ನೀವೇ ಹಾಕ್ರಿ, ಸರ.”