ಒಂದು ಅಲ್ಪವಿರಾಮದ ಏಟು

ಫಟಾರ್!

ತಗಡು ಕತ್ತರಿಸುವ ಕಾರ್ಖಾನೆಯಲ್ಲಿ ಸದ್ದಿಗೇನು ಬರ? ಆದರೂ ಆ ಕೆನ್ನೆಯೇಟಿಗೆ ಎಲ್ಲರೂ ಕೆಲಸ ಬಿಟ್ಟು ತಿರುಗಿ ನೋಡಿದರು.

ಹೊಡೆದವಳು ಮಾಲೀಕರ ಮಗಳು. ಏಟು ತಿಂದವನು ಕಂಪ್ಯೂಟರ್ ರಿಪೇರಿಯವನು. ಅವಳ ಬಾಯಲ್ಲಿ ‘ಡಬ್ಬಿ ಡಾಕ್ಟ್ರು’.

“ಯಾಕೆ... ಏನಾಯ್ತು?” ಅವನ ಬ್ಯಾಗು ಇನ್ನೂ ಹೆಗಲಲ್ಲೇ ಇತ್ತು.

“ಏನಾಯ್ತಾ? ಬೆಳಿಗ್ಗೆ ನಾನು ಬರೋ ಮೊದಲೇ ಅಪ್ಪ ಮಷೀನ್ ಹಾಕಿದ್ರು. ಬ್ಲೇಡ್ ಇಳಿದಾಗ ತಗಡು ಹಾರಿ ಅವರ ಭುಜ ಸೀಳಿಹೋಯ್ತು! ನೆಲದ ತುಂಬಾ ರಕ್ತ... ನಿನ್ನೆ ಈ ಮಷೀನ್ ಮುಟ್ಟಿದ್ದು ನೀವೊಬ್ಬರೇ!”

ಅವನ ಮುಖ ಬಿಳಿಚಿಕೊಂಡಿತು. “ಅಯ್ಯೋ! ಮಾವ ಹೇಗಿದ್ದಾರೆ?”

ಮಾವ?! ನಾಲಿಗೆ ಕಚ್ಚಿಕೊಂಡ. ಆದರೆ ಮಾತು ಆಗಲೇ ಬಾಯಿಂದ ಜಾರಿತ್ತು.

“ಯಾರಿಗೋ ಮಾವ?” ಅವಳ ಅಣ್ಣ ನುಗ್ಗಿ ಬಂದ. ಮೊದಲ ಗುದ್ದಿಗೆ ತುಟಿ ಒಡೆಯಿತು. ಎರಡನೆಯದಕ್ಕೆ ಅವನು ಕಬ್ಬಿಣದ ಕಪಾಟಿಗೆ ಬಡಿದು ಕುಸಿದ. ಅಣ್ಣ ಬೂಟುಗಾಲಿನಲ್ಲಿ ಪಕ್ಕೆಗೆ ಒದ್ದ.

‘ಬಿಡು ಅಣ್ಣಾ ಅನ್ನಬೇಕು... ಯಾಕೆ ಅನ್ನಲಾಗುತ್ತಿಲ್ಲ ನನಗೆ?’ ಅವಳು ತನ್ನನ್ನೇ ಕೇಳಿಕೊಂಡಳು.

ಮೊದಲ ಸಲ ಅವನು ಬಂದಾಗ ಪರದೆ ತುಂಬಾ ಅಕ್ಷರಗಳ ಬದಲು ಖಾಲಿ ಡಬ್ಬಿಗಳೇ ಕಾಣುತ್ತಿದ್ದವು. ಅವನ್ನೆಲ್ಲ ಅಕ್ಷರ ಮಾಡಿಕೊಟ್ಟಿದ್ದಕ್ಕೇ ಆ ಅಡ್ಡಹೆಸರು. ನಿನ್ನೆಯಂತೂ ಮಷೀನ್ ನಡೆಸುವ ಲಿನಕ್ಸ್ ಕಂಪ್ಯೂಟರಿನ ಭಾಷೆಯನ್ನೇ ಕನ್ನಡಕ್ಕೆ ಬದಲಾಯಿಸಿ, “ಇನ್ಮೇಲೆ ಇದೂ ನಿಮ್ಮ ಹಾಗೇ ಕನ್ನಡದಲ್ಲಿ ಬೈಯುತ್ತೆ, ಯಜಮಾನಿ” ಎಂದು ನಕ್ಕಿದ್ದ. ಆ ನಗುವಿಗೆ ಅವಳು ಸೋತುಹೋಗಿದ್ದಳು. ಅದೇ ನಗು ಅಪ್ಪನ ರಕ್ತ ಹರಿಸಿತೇ?

ಅಣ್ಣ ಅವನ ಕಾಲರ್ ಹಿಡಿದು ಬ್ಲೇಡಿನ ಎದುರಿಗೆ ದರದರ ಎಳೆದ. ಮಷೀನಿಗೆ ಹೊಸ ತಗಡು ತಳ್ಳಿದ.

“ನಿನ್ನ ರಿಪೇರಿ ಸರಿ ಇದ್ರೆ ಅಪ್ಪ ನಿಂತಿದ್ದ ಜಾಗದಲ್ಲೇ ನಿಂತ್ಕೋ! ನಾನೇ ಓಡಿಸ್ತೀನಿ. ಹದಿನಾರು ಗಂಟೆಗೆ ಪೊಲೀಸ್ರು ಬರ್ತಾರೆ, ಅಷ್ಟರೊಳಗೆ ಇತ್ಯರ್ಥ ಆಗ್ಲಿ!”

ನಾಲ್ಕು ಗಂಟೆಯನ್ನು ಹದಿನಾರು ಎನ್ನುವ ಶೋಕಿ ಅಣ್ಣನಿಗೆ ನಿನ್ನೆ ಸಂಜೆಯಿಂದ ಅಂಟಿಕೊಂಡಿತ್ತು. ಅಪ್ಪ ಆಸ್ಪತ್ರೆಯಲ್ಲಿದ್ದರೂ ಶೋಕಿ ಬಿಟ್ಟಿರಲಿಲ್ಲ, ಪುಣ್ಯಾತ್ಮ!

ಡಬ್ಬಿ ಡಾಕ್ಟ್ರು ಓಡಲಿಲ್ಲ. ಅಂಗಿಯ ತೋಳಿನಿಂದ ತುಟಿಯ ರಕ್ತ ಒರೆಸಿಕೊಂಡ.

“ನಾನು ಭಾಷೆ ಮಾತ್ರ ಬದಲಾಯಿಸಿದ್ದು. ಅಂಕೆ ಮುಟ್ಟಿಲ್ಲ. ನಿಲ್ತೀನಿ.” ಅವಳತ್ತ ನೋಡಿದ. “ನೀವೇ ನಂಬದಿದ್ರೆ... ನಿಂತ್ರೇನು, ಬಿದ್ರೇನು?”

ಆ ಮಾತು ಅವಳ ಎದೆಗೆ ನಾಟಿತು. ಅವನ ಕಣ್ಣನ್ನು ಎದುರಿಸಲಾಗದೆ ಪರದೆಯತ್ತ ತಿರುಗಿದಳು.

ಮೂಲೆಯ ಗಡಿಯಾರ 15:42 ತೋರಿಸುತ್ತಿತ್ತು. ಅದರ ಕೆಳಗೆ, ತಗಡನ್ನು ಮಷೀನ್ ಎಷ್ಟು ಬಿಗಿಯಾಗಿ ಹಿಡಿಯಬೇಕೆಂಬ ಅಂಕೆ. ದಿನವೂ ಅಲ್ಲಿ 0.8 ಇರುತ್ತಿತ್ತು.

ಈಗ... ‘ಹಿಡಿತ: 0,0’!

ಚುಕ್ಕಿ ಎಲ್ಲಿ ಹೋಯಿತು?!

“ಅಣ್ಣಾ, ಒತ್ತಬೇಡ!”

ಒತ್ತಿಯಾಗಿತ್ತು.

ಅವಳು ಹಾರಿ ಬ್ಲೇಡಿನ ಮೇನ್ ಸ್ವಿಚ್ ಎಳೆದಳು. ಬ್ಲೇಡು ಕಿರುಚುತ್ತಾ ಅರ್ಧದಲ್ಲೇ ನಿಂತಿತು. ಹಿಡಿತವಿಲ್ಲದ ತಗಡು ಜಾರಿ ಅವನ ಬೂಟಿನ ತುದಿಯನ್ನು ಸೀಳಿಕೊಂಡು ನೆಲಕ್ಕೆ ಅಪ್ಪಳಿಸಿತು. ಕೂದಲೆಳೆಯ ಅಂತರದಲ್ಲಿ ಕಾಲ್ಬೆರಳು ಉಳಿದಿತ್ತು.

ಅವಳು ಅಣ್ಣನ ಎದೆಗೆ ಎರಡೂ ಕೈಯಲ್ಲಿ ಗುದ್ದಿದಳು. “ಹೇಳು! ನಿನ್ನೆ ಗಡಿಯಾರಕ್ಕೆ ಏನು ಮಾಡ್ದೆ?”

“ಏನಿಲ್ವೇ... ಸೆಟ್ಟಿಂಗಲ್ಲಿ ‘ಪ್ರದೇಶ’ ಅಂತಿತ್ತು. ಇಪ್ಪತ್ನಾಲ್ಕು ಗಂಟೆ ತೋರಿಸೋ ಯಾವುದೋ ದೇಶ ಆರಿಸ್ದೆ. ಗಡಿಯಾರ ಚೆನ್ನಾಗಿ ಕಾಣ್ತಿತ್ತು...”

ಡಬ್ಬಿ ಡಾಕ್ಟ್ರು ಕುಂಟುತ್ತಾ ಕಂಪ್ಯೂಟರ್ ಮುಂದೆ ಬಂದ. ಒಂದು ಪದ ಟೈಪ್ ಮಾಡಿದ. ಸಾಲು ಸಾಲಾಗಿ ಸೆಟ್ಟಿಂಗುಗಳು ಮೂಡಿದವು. ಭಾಷೆ ಕನ್ನಡವೇ ಇತ್ತು. ಸಮಯದ, ಅಂಕೆಗಳ ಸಾಲುಗಳು ಮಾತ್ರ ಪರದೇಶದವು.

“ಆ ದೇಶದಲ್ಲಿ ಚುಕ್ಕಿ ಬದಲು ಅಲ್ಪವಿರಾಮ ಹಾಕ್ತಾರೆ. ನಾವು ಬರೆದಿಟ್ಟ ಸೊನ್ನೆ ಪಾಯಿಂಟ್ ಎಂಟರಲ್ಲಿ ಚುಕ್ಕಿ ಏನೂಂತ ಇದಕ್ಕೆ ಗೊತ್ತಾಗ್ಲಿಲ್ಲ. ಸೊನ್ನೆ ಓದಿ ಅಲ್ಲೇ ನಿಂತ್ಬಿಡ್ತು.”

ಅಣ್ಣ ತನ್ನ ಹಣೆಯನ್ನೇ ಮಷೀನಿಗೆ ಚಚ್ಚಿಕೊಳ್ಳತೊಡಗಿದ. “ಅಪ್ಪನ್ನ... ನಾನೇ...!”

ಒದೆ ತಿಂದವನೇ ಹೋಗಿ ಅವನನ್ನು ತಬ್ಬಿ ಹಿಡಿದ. “ಸಾಕು! ಇವತ್ತಿಗೆ ರಕ್ತ ಸಾಕು.”

ಅಷ್ಟರಲ್ಲಿ ಆಸ್ಪತ್ರೆಯಿಂದ ಅಮ್ಮನ ಫೋನ್ ಬಂತು. ಅಪ್ಪನಿಗೆ ಎಚ್ಚರವಾಗಿತ್ತು, ಕೈ ಉಳಿದಿತ್ತು. ಅಣ್ಣ ಅಳುತ್ತಲೇ ಆಸ್ಪತ್ರೆಗೆ ಓಡಿದ.

ಅವಳು ಒದ್ದೆ ಬಟ್ಟೆ ತಂದು ಡಬ್ಬಿ ಡಾಕ್ಟ್ರ ಒಡೆದ ತುಟಿ ಒರೆಸಿದಳು.

“ಹೊಡೆದ ಈ ಕೈ ಕತ್ತರಿಸಿ ಎಸೀಬೇಕು ಅನ್ನಿಸ್ತಿದೆ...”

“ಬೇಡ. ನನಗೆ ಹಿಡ್ಕೊಳ್ಳೋಕೆ ಬೇಕು.”

ಅವಳ ಕಣ್ಣು ತುಂಬಿ ಬಂತು. “ಒಂದು ಮಾತೂ ಕೇಳದೆ ಹೊಡೆದುಬಿಟ್ಟೆ. ನಮ್ಮಿಬ್ಬರ ಮಧ್ಯೆ ಪೂರ್ಣವಿರಾಮದ ಚುಕ್ಕಿ ಇಟ್ಟುಬಿಟ್ಟೆ ಅಲ್ವಾ?”

“ಯಾವ ದೇಶದ ಲೆಕ್ಕದಲ್ಲಿ ನೋಡ್ತೀರ, ಯಜಮಾನಿ? ಕೆಲವು ಕಡೆ ಅದೇ ಜಾಗದಲ್ಲಿ ಅಲ್ಪವಿರಾಮ ಇರುತ್ತೆ.”

ಅಳುವಿನ ನಡುವೆಯೇ ಅವಳಿಗೆ ನಗು ಉಕ್ಕಿತು. “ಹಾಗಾದ್ರೆ ಮುಂದಿನದ್ದು ಹೇಳಿ. ಆಗ ಮಾವ ಅಂದ್ರಲ್ಲ... ಯಾರಿಗೆ?”

“ಅದು... ಬಾಯಿತಪ್ಪಿ ಬಂತು. ಸರಿಮಾಡ್ಕೋತೀನಿ.”

ಅವಳು ಅವನ ಊದಿದ ಕೆನ್ನೆಗೆ ತನ್ನ ಕೆನ್ನೆ ಒತ್ತಿದಳು.

“ಅದೊಂದನ್ನ ಮಾತ್ರ ರಿಪೇರಿ ಮಾಡಬೇಡಿ ಡಾಕ್ಟ್ರೇ... ನಿಮ್ಮನ್ನ ತುಂಬಾ ಪ್ರೀತಿಸ್ತೀನಿ ಕಣ್ರೀ!”