ಬಿಬವೇವಾಡಿಯ ಯುವಿ ನಾಲ್ಕು

ಬಿಬವೇವಾಡಿಯ ಕನ್ನಡಿಗರ ಹೋಟೆಲಿನ ಗಲ್ಲಾದ ಪಕ್ಕದ ಕರಿಹಲಗೆಯ ಮೇಲೆ ಮರಾಠಿಯಲ್ಲಿ ದುಂಡಗೆ ಬರೆದಿತ್ತು: 'ಆಜಚಾ ಯುವಿ ಇಂಡೆಕ್ಸ್ ೪. ಛತ್ರೀ ನಕೋ.'

ಇಂದೂಗೆ ಇಡ್ಲಿ ಗಂಟಲಲ್ಲೇ ನಿಂತಿತು. ಹೊರಗೆ ಪುಣೆಯ ಅಕ್ಟೋಬರ್ ಬಿಸಿಲು ಸ್ಕೂಟರಿನ ಸೀಟುಗಳನ್ನು ಸುಡುತ್ತಿತ್ತು. ಚರ್ಮ ಸುಡುವ ಆ ಯುವಿ ಕಿರಣಕ್ಕೆ ಇಂಥ ಬಿಸಿಲಲ್ಲಿ ಒಂಬತ್ತೋ ಹತ್ತೋ ಅಂಕ ಬರಬೇಕು. ಇಲ್ಲಿ ಯಾರೋ ಪುಣ್ಯಾತ್ಮ ನಾಲ್ಕು ಕೊಟ್ಟು, ಮೇಲೆ ಛತ್ರಿಯೂ ಬೇಡ ಎಂದು ಉಪದೇಶ ಮಾಡಿದ್ದ.

"ಇದನ್ನ ಬರದ ವಿಜ್ಞಾನಿಗಳು ಯಾರ್ರಿ?" ಎಂದು ಕೇಳಿದಳು.

ಗಲ್ಲಾದಲ್ಲಿ ಕೂತಿದ್ದವನು ನಗುತ್ತಾ ಎದ್ದು ನಿಂತ. ತೆಳ್ಳಗಿದ್ದ, ಕಣ್ಣಿನಲ್ಲಿ ಬೇಕಾದ್ದಕ್ಕಿಂತ ಹೆಚ್ಚು ಹೊಳಪು. "ನಾನೇ ಮೇಡಂ, ಸುಖೇಶ್. ಟೆರೇಸಿನಲ್ಲಿ ನನ್ನದೊಂದು ವೆದರ್ ಸ್ಟೇಷನ್ ಉಂಟು. ಹಡಗಿನಲ್ಲಿ ಕೆಲಸ ಮಾಡುವ ಮಾವ ಮೊನ್ನೆ ಹಬ್ಬಕ್ಕೆ ತಂದುಕೊಟ್ಟದ್ದು."

"ಹಂಗಾದ್ರ ಹಡಗಿನ್ಯಾಗ ಇಡ್ರಿ. ಇಲ್ಲಿ ಜನ ಅದಾರ."

ಇಂದೂ ಹವಾಮಾನ ಕಚೇರಿಯಲ್ಲಿ ಬಿಸಿಲು ಅಳೆಯುವ ಉಪಕರಣಗಳನ್ನು ಪರೀಕ್ಷಿಸುವವಳು. ಅಪ್ಪ ಗದಗಿನಿಂದ ಗುಮಾಸ್ತನಾಗಿ ಬಂದು ಪುಣೆಯ ಧನಕವಡಿಯಲ್ಲಿ ನೆಲೆ ನಿಂತವರು. ಮಗಳಿಗೆ ಅವರು ತೋರಿಸಿದ ವರಗಳೆಲ್ಲ ಅವಳ ಲೆಕ್ಕದಲ್ಲಿ ಕೆಟ್ಟ ಉಪಕರಣಗಳೇ: ಒಬ್ಬ ಬೇಗ ಬಿಸಿಯಾಗುತ್ತಿದ್ದ, ಇನ್ನೊಬ್ಬ ಎತ್ತ ತಿರುಗಿಸಿದರೂ ಅಮ್ಮನ ಕಡೆಗೇ ವಾಲುತ್ತಿದ್ದ. ಮನೆಯ ಮೇಲೆ ಸ್ಟೇಷನ್ ಇಟ್ಟುಕೊಂಡ ಶೋಕಿದಾರರನ್ನು ಕಂಡರಂತೂ ಮೈಯೆಲ್ಲ ಉರಿಯುತ್ತಿತ್ತು. ಸೆನ್ಸರನ್ನು ನೀರಿನ ಟಾಕಿಯ ನೆರಳಲ್ಲಿ ನಿಲ್ಲಿಸುತ್ತಾರೆ, ವರ್ಷಗಟ್ಟಲೆ ಒರೆಸುವುದಿಲ್ಲ, ಒಳ್ಳೆಯ ಮೀಟರಿನ ಪಕ್ಕ ಒಮ್ಮೆಯೂ ಇಟ್ಟು ನೋಡುವುದಿಲ್ಲ; ಓದುವಾಗ ಮಾತ್ರ ದಶಮಾಂಶ ಬಿಡುವುದಿಲ್ಲ.

"ಅಷ್ಟು ಬಯ್ಯುವವರು ಒಮ್ಮೆ ಮೇಲೆ ಬಂದು ನೋಡಿ ಬಯ್ಯಿರಿ ಮಾರಾಯ್ರೆ," ಎಂದ ಸುಖೇಶ್. "ಬಿಸಿ ಬನ್ಸ್ ಕೊಡ್ತೇನೆ."

ಬನ್ಸಿಗಾಗಿ ಅಲ್ಲ ಎಂದು ತನಗೆ ತಾನೇ ಹೇಳಿಕೊಳ್ಳುತ್ತಾ ಭಾನುವಾರ ಮಧ್ಯಾಹ್ನ ಕಚೇರಿಯ ಕೈಮೀಟರ್ ಹಿಡಿದು ಇಂದೂ ಮೆಟ್ಟಿಲು ಹತ್ತಿದಳು.

ಟೆರೇಸಿನಲ್ಲಿ ಕಂಬ ನೆಟ್ಟಗಿತ್ತು, ಟಾಕಿಯ ನೆರಳೂ ದೂರವಿತ್ತು. ಬಯ್ಯಲು ಏನೂ ಸಿಗದೆ ಅವಳಿಗೆ ಬೇಸರವೇ ಆಯಿತು. ಆಮೇಲೆ ಬಗ್ಗಿ ನೋಡಿದಳು.

ಕಂಬದ ತುದಿಯಲ್ಲಿ ಎರಡು ಸೆನ್ಸರ್, ಒಂದು ಯುವಿಗೆ, ಒಂದು ಸೌರಶಕ್ತಿಗೆ. ಎರಡರ ಬಿಳಿ ಬಿಲ್ಲೆಯ ಮೇಲೂ ದಪ್ಪಗೆ ಗಂಧ, ನಡುವೆ ಕುಂಕುಮ. ಕಂಬಕ್ಕೆ ಬಾಡಿದ ಚೆಂಡುಹೂವಿನ ಮಾಲೆ. ಮೊನ್ನೆಯಷ್ಟೇ ಆಯುಧಪೂಜೆ ಮುಗಿದಿತ್ತು. ಗ್ರೈಂಡರು, ಸ್ಕೂಟರು, ತಕ್ಕಡಿ ಎಲ್ಲಕ್ಕೂ ಇಟ್ಟ ಹಾಗೆ ಈ ಮಹಾರಾಯ ಸೆನ್ಸರಿನ ಕಣ್ಣಿಗೂ ಗಂಧ ಮೆತ್ತಿ ಕೈಮುಗಿದಿದ್ದ!

ನಗಲು ಬಾಯಿ ತೆರೆದಳು. ಅಷ್ಟರಲ್ಲಿ ಸುಖೇಶ್ ಅವಳ ಮುಖದ ಮೇಲೆ ಬಿಸಿಲು ಬೀಳದಂತೆ ಸ್ಟೀಲ್ ತಟ್ಟೆ ಅಡ್ಡ ಹಿಡಿದು, "ಇವತ್ತೇ ಗೊತ್ತಾಗ್ತದಾ, ಇಲ್ಲ ಇನ್ನೊಮ್ಮೆ ಬರಬೇಕಾಗ್ತದಾ?" ಎಂದು ಕೇಳಿದ. ಕೇಳಿದವನು ಸೆನ್ಸರ್ ನೋಡುತ್ತಿರಲಿಲ್ಲ.

ಒದ್ದೆ ಬಟ್ಟೆಯಿಂದ ಒರೆಸಿದರೆ ಎರಡು ನಿಮಿಷದ ಕೆಲಸ. ಆಮೇಲೆ ಇಲ್ಲಿಗೆ ಬರಲು ಅವಳಿಗೆ ಯಾವ ನೆಪವೂ ಇರುತ್ತಿರಲಿಲ್ಲ.

"ಹಂಗ ಒಂದ ದಿನದಾಗ ಏನ ತಿಳೀತದ?" ಎಂದಳು ಗತ್ತಿನಿಂದ. "ನಾಕು ವಾರ ನೋಡಬೇಕು."

ಹೀಗೆ ಭಾನುವಾರಗಳು ಬಂದವು. ಸುಖೇಶ್ ಬ್ಯಾಟರಿ ಬದಲಿಸಿದ, ಕಂಬ ಎತ್ತರಿಸಿದ, ಕೇಬಲ್ ಬಿಚ್ಚಿ ಮತ್ತೆ ಜೋಡಿಸಿದ. ಗಂಧ ಮಾತ್ರ ಮುಟ್ಟಲಿಲ್ಲ, ಹಲಗೆಯ ಮೇಲೆ ನಾಲ್ಕೇ ಬರೆಯುತ್ತಾ ಹೋದ. ಪೂಜೆಯ ಗಂಧ ತಾನಾಗಿ ಉದುರಬೇಕು ಎಂಬುದು ಅವನಮ್ಮನ ಶಾಸ್ತ್ರ. ಅಷ್ಟು ಸಣ್ಣ ಬೊಟ್ಟು ಸೂರ್ಯನನ್ನು ತಡೆಯುತ್ತದೆ ಎಂದು ಆ ತಲೆಗೆ ಹೊಳೆಯಲೂ ಇಲ್ಲ.

"ನಿಮ್ಮ ಮೀಟರೇ ಸುಳ್ಳು ಹೇಳಿದರೆ?" ಎಂದು ಒಮ್ಮೆ ಕೆಣಕಿದ.

"ನಮ್ಮ ಮೀಟರಿಗೆ ಹೋಟೆಲ್ ಊಟ ಹಾಕಿಲ್ರಿ, ಅದಕ್ಕ ಮೈ ಬಗ್ಗಿಸಿ ಕೆಲಸಾ ಮಾಡತದ."

ಅವನು ಜೋರಾಗಿ ನಕ್ಕ. ಇಂದೂ ಮೂಗು ಮುರಿದಳು, ಆಮೇಲೆ ಕದ್ದು ನೋಡಿದಳು. ಇಂಥ ದಡ್ಡನ ನಗು ಇಷ್ಟು ಚೆಂದ ಇರಬಾರದಿತ್ತು ಎನ್ನಿಸಿತು. ಆಕಾಶದಲ್ಲಿ ಮೋಡ ಕಂಡರೆ ಗಾಬರಿಯಾಗುತ್ತಿತ್ತು: ಒಂದು ಜೋರು ಮಳೆ ಬಂದರೆ ಗಂಧ ತೊಳೆದುಹೋಗುತ್ತದೆ. ಹವಾಮಾನ ಕಚೇರಿಯ ಸಂಬಳ ತಿನ್ನುವವಳು ಮಳೆ ಬಾರದಿರಲಿ ಎಂದು ಹರಕೆ ಹೊರುವ ಮಟ್ಟಕ್ಕೆ ಇಳಿದಿದ್ದಳು. ತನ್ನ ಮೇಲೂ ಅವಳಿಗೆ ತಾತ್ಸಾರ ಹುಟ್ಟಿತು. ಆದರೂ ಸುಮ್ಮನಿದ್ದಳು.

ನವೆಂಬರಿನ ಒಂದು ಭಾನುವಾರ ಬಂದಾಗ ಹಲಗೆ ಖಾಲಿ. ಸುಖೇಶ್ ಮೇಲಿದ್ದ, ಕಂಬ ಬಿಚ್ಚಿ ಮಲಗಿಸಿದ್ದ.

"ಗುಜರಿಯವನಿಗೆ ಹೇಳಿದ್ದೇನೆ," ಎಂದ. "ನಮ್ಮ ಶಿವರುದ್ರಪ್ಪ ರಾಯರು ಗೊತ್ತಲ್ಲ, ದಿನಾ ಮೂಲೆ ಟೇಬಲಿನಲ್ಲಿ ಕೂರುವವರು? ಅವರಿಗೆ ಬಿಸಿಲು ಆಗುವುದಿಲ್ಲ, ಡಾಕ್ಟ್ರು ಹೇಳಿದ್ದಾರೆ. ನನ್ನ ಬೋರ್ಡು ನಂಬಿ ಛತ್ರಿ ಮನೆಯಲ್ಲಿಟ್ಟು ಮಾರ್ಕೆಟ್ ಯಾರ್ಡಿಗೆ ನಡೆದು ಹೋಗ್ತಿದ್ದರಂತೆ. ಮುಖವೆಲ್ಲ ಸುಟ್ಟು ಸಿಪ್ಪೆ ಏಳ್ತಾ ಉಂಟು. ನೀವು ಮೊದಲ ದಿನವೇ ಬೈದಿರಿ. ನಾನು ಕೇಳಬೇಕಿತ್ತು. ಇನ್ನು ನೀವು ಇಷ್ಟು ದೂರ ಬರುವ ತೊಂದರೆ ಬೇಡ."

ಇಂದೂ ಹೆಗಲ ಮೇಲಿನ ಓಢಣಿಯ ತುದಿಯನ್ನು ನಲ್ಲಿಯ ಕೆಳಗೆ ಹಿಡಿದು ಒದ್ದೆ ಮಾಡಿದಳು, ಎರಡೂ ಬಿಲ್ಲೆ ತಿಕ್ಕಿ ಒರೆಸಿದಳು, ಕಂಬ ಎತ್ತಿ ನೆಟ್ಟಗೆ ಹಿಡಿದಳು.

"ಡಿಸ್ಪ್ಲೇ ನೋಡ್ರಿ."

ನಾಲ್ಕಿದ್ದದ್ದು ಆರಾಯಿತು, ಎಂಟು ದಾಟಿ ನಿಂತಿತು. ಅವಳ ಕೈಮೀಟರೂ ಹೆಚ್ಚುಕಡಿಮೆ ಅಷ್ಟನ್ನೇ ತೋರಿಸಿತು.

"ನಿಮ್ಮ ಮಶೀನ್ ಛಲೋನ ಅದ. ಕಣ್ಣಿಗೆ ಗಂಧ ಮೆತ್ತಿದ್ರಿ, ಅಷ್ಟ," ಎಂದಳು. "ನಾ ಮ್ಯಾಲ ಬಂದ ಮೊದಲನೇ ದಿನಾನ ನೋಡಿದ್ದೆ."

"ಮತ್ತೆ ಹೇಳಲಿಲ್ಲ ಯಾಕೆ?"

"ಹೇಳಿದ್ರ ನೀವು ಒರಸತಿದ್ರಿ. ಆಮ್ಯಾಲ ನನಗಿಲ್ಲಿ ಬರಾಕ ಏನ ಕೆಲಸ ಇತ್ತು? ನನಗ ಬರೋದಿತ್ತು. ನಿಮ್ಮನ್ನ ನೋಡೋದಿತ್ತು."

ಇಷ್ಟು ದಿನ ಅವಳು ಲೋಕವನ್ನು ಹೇಗೆ ನೋಡುತ್ತಿದ್ದಳೋ ಹಾಗೆ ಈಗ ಅವನು ಅವಳನ್ನು ನೋಡಿದ, ಮೇಲಿನಿಂದ ಕೆಳಗಿನವರೆಗೆ. ಆ ನೋಟ ಎಷ್ಟು ಚುಚ್ಚುತ್ತದೆ ಎಂದು ಅವಳಿಗೆ ತಿಳಿದಿರಲಿಲ್ಲ.

"ಒಬ್ಬ ಮುದುಕರ ಮುಖ ಸುಟ್ಟಿತು," ಎಂದ ಸುಖೇಶ್. "ಇದನ್ನು ನನ್ನ ಹತ್ತಿರ ಹೇಳಿ ಏನು ಪ್ರಯೋಜನ? ಅವರು ಕೆಳಗೆ ಕೂತಿದ್ದಾರೆ. ಒಂದಕ್ಷರ ಬಿಡದೆ ಅವರಿಗೆ ಹೇಳಿ. ಆಗದಿದ್ದರೆ ಹಾಗೇ ಮನೆಗೆ ಹೋಗಿ, ನಾನು ಹುಡುಕಿಕೊಂಡು ಬರುವುದಿಲ್ಲ."

ಇಂದೂ ಮೆಟ್ಟಿಲಿಳಿದಳು. ಬೀದಿಯ ಕಡೆಯ ಬಾಗಿಲು ಎದುರಿಗೇ ತೆರೆದಿತ್ತು. ಅವಳು ಮೂಲೆಯ ಟೇಬಲಿಗೆ ಹೋದಳು. ಶಿವರುದ್ರಪ್ಪನವರ ಮೂಗಿನ ಮೇಲೆ ಚರ್ಮ ಸುಲಿದು ಕೆಂಪಗಾಗಿತ್ತು. ಊಟದ ಹೊತ್ತು, ಹೋಟೆಲು ತುಂಬಿತ್ತು. ನಿಂತುಕೊಂಡೇ ಎಲ್ಲ ಹೇಳಿದಳು, ಗಂಧ, ಸುಳ್ಳು, ಭಾನುವಾರಗಳು, ಬರುವ ಆಸೆ. ಪಕ್ಕದ ಟೇಬಲಿನ ದಂಪತಿ ಊಟ ಬಿಟ್ಟು ಕೇಳಿದರು.

ಶಿವರುದ್ರಪ್ಪ ಬಟ್ಟಲಿನ ಮಜ್ಜಿಗೆ ಮುಗಿಸಿ ಬಾಯಿ ಒರೆಸಿಕೊಂಡರು.

"ಅಂದ್ರ, ನಿನ್ನ ಪ್ರೀತಿ ಸಲುವಾಗಿ ನನ್ನ ಮಾರಿ ಸುಡಬೇಕಾತು ಅನ್ನವ್ವಾ," ಎಂದರು ಕೊನೆಗೆ. "ಇಷ್ಟ ಓದಿ, ಇಂಥಾ ಬುದ್ಧಿ! ಥೂ."

"ತಪ್ಪಾತ್ರಿ," ಎಂದಳು ಇಂದೂ. ಹುಟ್ಟಿದಾಗಿನಿಂದ ಆ ಮಾತನ್ನು ಅವಳು ಇಷ್ಟು ಜನರೆದುರು ಆಡಿರಲಿಲ್ಲ.

"ತಪ್ಪಾತ್ರಿ ಅಂದ್ರ ಚರ್ಮ ಬರತೈತೇನು? ಮದುವಿ ಊಟಾ ಹಾಕಸು. ಅದೂ ನೆರಳಾಗ."

ಹಿಂದೆ ಮೆಟ್ಟಿಲ ಮೇಲೆ ನಿಂತಿದ್ದ ಸುಖೇಶ್ ಗಂಟಲು ಸರಿಮಾಡಿಕೊಂಡ. "ಚಪ್ಪರ ದಪ್ಪದ್ದೇ ಹಾಕಿಸುವ, ರಾಯರೇ."

ಇಂದೂ ತಿರುಗಿದಳು. ಅವನ ಮುಖದಲ್ಲಿ ಸಿಟ್ಟು ಇನ್ನೂ ಪೂರ್ತಿ ಇಳಿದಿರಲಿಲ್ಲ, ನಗು ಇನ್ನೂ ಪೂರ್ತಿ ಬಂದಿರಲಿಲ್ಲ. ಅಷ್ಟೇ ಸಾಕಾಯಿತು ಅವಳಿಗೆ; ಕಣ್ಣು ತುಂಬಿ ಬಂತು.

"ದಪ್ಪದ್ದಂತ, ದಪ್ಪದ್ದು! ನಿಮಗೇನ ತಿಳೀತದ?" ಎಂದಳು ಓಢಣಿಯಿಂದ ಕಣ್ಣೊರೆಸಿಕೊಳ್ಳುತ್ತಾ. "ಚಪ್ಪರದ ಕೆಳಗಿನ ಬಿಸಲು ನಾ ಅಳೀತೀನಿ. ನಿಮ್ಮ ಕೈಯಾಗ ಕೊಟ್ರ ಊಟಕ್ಕ ಬಂದವರೆಲ್ಲಾ ಸುಟ್ಟ ಹೊಕ್ಕಾರ."