ಕೆಂಪು ದಾರದ ವರ್ಬ್‌ಗಳು

ಮೇಷ್ಟ್ರು ನಕ್ಕದ್ದನ್ನು ಅವಳು ಕಣ್ಣಾರೆ ಕಂಡಳು. ಬೇರೆ ಯಾರು ನಕ್ಕಿದ್ದರೂ ಸಹಿಸುತ್ತಿದ್ದಳು. ಮರುದಿನದಿಂದ ಸಂಜೆಯ ಇಂಗ್ಲಿಷ್ ಕ್ಲಾಸಿನ ಕಡೆ ತಲೆ ಹಾಕಲಿಲ್ಲ.

ಚಿಕ್ಕಂದಿನಲ್ಲೇ ಶಾಲೆ ಬಿಟ್ಟು ಸೋದರತ್ತೆಯ ಟೈಲರ್ ಅಂಗಡಿ ಸೇರಿದವಳು. ಆಗ ಬರೆಯದೇ ಬಿಟ್ಟ ಹತ್ತನೇ ಕ್ಲಾಸಿನ ಪರೀಕ್ಷೆಯನ್ನು ಇಪ್ಪತ್ತೈದು ದಾಟಿದ ಈಗಲಾದರೂ ಬರೆದು ಪಾಸಾಗಬೇಕೆಂಬ ಆಸೆ. ಉಳಿದ ವಿಷಯಗಳು ಹೇಗೋ ಒಲಿದವು, ಇಂಗ್ಲಿಷ್ ಮಾತ್ರ ಕಬ್ಬಿಣದ ಕಡಲೆ.

ಆ ಕಡಲೆಯನ್ನು ಮೆತ್ತಗೆ ಮಾಡಿದ್ದು ಮೇಷ್ಟ್ರು. ವರ್ಬ್ ಎಂದರೇನೆಂದು ಅವರು ಬೋರ್ಡಿನ ಮೇಲೆ ಬರೆದು ಸುಮ್ಮನೆ ಕೂರುವವರಲ್ಲ. ನಡೆದು ತೋರಿಸುತ್ತಿದ್ದರು, ಬಾಗುತ್ತಿದ್ದರು, ಡಸ್ಟರ್ ಬೀಳಿಸಿ ಎತ್ತುತ್ತಿದ್ದರು. 'ಹ್ಯಾಸ್ ಬೀನ್ ವೇಟಿಂಗ್' ಬಂದಾಗ, 'ವೇಟಿಂಗ್' ಅಣ್ಣ, ಉಳಿದೆರಡು ಅವನ ಕೈ ಹಿಡಿದ ತಮ್ಮಂದಿರು, ಮೂವರೂ ಸೇರಿದರೆ ಒಂದೇ ಮನೆ, ಅದೇ ವರ್ಬ್ ಫ್ರೇಸ್ ಎಂದಿದ್ದರು. ಅವರ ರೆಪ್ಪೆಯ ಮೇಲೆ ಕೂತ ಚಾಕ್‌ಪುಡಿ ನೋಡುತ್ತಾ ಅವಳು ಬರೆಯುವುದನ್ನೇ ಮರೆಯುತ್ತಿದ್ದಳು.

ಒಂದು ದಿನ ಹೋಮ್‌ವರ್ಕ್ ಕೊಟ್ಟರು. ಹಾಳೆಯಲ್ಲಿರುವ ವರ್ಬ್‌ಗಳ ಕೆಳಗೆ ಕೆಂಪು ಗೆರೆ, ನೌನ್‌ಗಳಿಗೆ ನೀಲಿ, ಅಡ್ಜೆಕ್ಟಿವ್‌ಗಳಿಗೆ ಹಸಿರು. ಅಂಗಡಿಯಲ್ಲಿ ಬಣ್ಣದ ಪೆನ್ನು ಎಲ್ಲಿಂದ ಬರಬೇಕು? ದಾರದ ಉಂಡೆಗಳಿಗೇನೂ ಕೊರತೆಯಿರಲಿಲ್ಲ. ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಅವಳು ಪದಗಳ ಕೆಳಗೆ ಹೊಲಿಗೆ ಹಾಕಿದಳು. ಒಂಟಿ ವರ್ಬಿಗೆ ಪುಟ್ಟ ಹೊಲಿಗೆ. ವರ್ಬ್ ಫ್ರೇಸಿಗೆ ಅಣ್ಣತಮ್ಮಂದಿರನ್ನೆಲ್ಲ ಕೂಡಿಸುವ ಒಂದೇ ಉದ್ದನೆಯ ಎಳೆ.

ಆ ಹಾಳೆಯನ್ನು ಮೇಷ್ಟ್ರು ಕಿಟಕಿಯ ಬೆಳಕಿಗೆ ಹಿಡಿದರು. ನಕ್ಕರು. ಇಡೀ ಕ್ಲಾಸೇ ನಕ್ಕಿತು.

ಅವಳು ಹೋಗುವುದನ್ನು ನಿಲ್ಲಿಸಿದ ಮೇಲೆ ಒಂದು ಬೆಳಿಗ್ಗೆ ಮೇಷ್ಟ್ರೇ ಅಂಗಡಿಗೆ ಬಂದರು. ಬಿಳಿ ಶರ್ಟಿನ ಬಲಗೈ ಕಫ್ ಕಿತ್ತು ಜೋತಾಡುತ್ತಿತ್ತು.

ಅತ್ತೆ ಕನ್ನಡಕ ಏರಿಸಿ ಕಫ್ ನೋಡಿದಳು, ಅವರ ಮುಖವನ್ನೂ ನೋಡಿದಳು. "ಎಲ್ಲಿ ಸಿಕ್ಕಿಸ್ಕೊಂಡ್ರಿ ಮೇಷ್ಟ್ರೇ?"

"ಬಾಗಿಲ ಚಿಲಕಕ್ಕೆ."

"ಪಾಪ, ಬಹಳ ನಾಜೂಕಿನ ಚಿಲಕ," ಎಂದ ಅತ್ತೆ, ಕೆಲಸವನ್ನು ಅವಳಿಗೊಪ್ಪಿಸಿ ಚಹಾ ಕುದಿಸಲು ಒಳಗೆ ಹೋದಳು.

ಅವಳು ಕಫ್ ತಿರುಗಿಸಿದಳು. ಚಿಲಕ ಎಳೆದಿದ್ದರೆ ಬಟ್ಟೆಯೂ ಹರಿಯುತ್ತಿತ್ತು. ಇಲ್ಲಿ ಒಂದೊಂದು ಹೊಲಿಗೆಯನ್ನೂ ಬೇರೆಬೇರೆಯಾಗಿ ಕತ್ತರಿಸಲಾಗಿತ್ತು, ಬಟ್ಟೆಗೆ ಒಂದು ಗೀರೂ ಇರಲಿಲ್ಲ. ಯಾರೋ ಉಸಿರು ಬಿಗಿಹಿಡಿದು ಕೂತು ಮಾಡಿದ ಕೆಲಸ. ತುಳಿಯದೆಯೇ ಮಷೀನಿನ ಚಕ್ರ ತಿರುಗಿದಂತೆ ಅವಳ ಎದೆಬಡಿತ ಓಡಿತು.

"ಇದು ಚಿಲಕದ ಕೆಲಸ ಅಲ್ಲ ಸರ್." ಇಷ್ಟುದ್ದದ ಮಾತನ್ನು ಅವಳು ಅವರೆದುರು ಎಂದೂ ಆಡಿರಲಿಲ್ಲ.

ಅವರ ಕಿವಿ ಕೆಂಪಾಯಿತು. "ಬ್ಲೇಡು. ಬೇರೆ ನೆಪ ಹೊಳೀಲಿಲ್ಲ."

"ಅವತ್ತು ನಕ್ಕಿರಿ."

"ನಕ್ಕೆ. ಅಷ್ಟು ಚೆಂದದ್ದನ್ನ ನಾನು ಕಂಡೇ ಇರ್ಲಿಲ್ಲ. ಖುಷಿ ತಡೆಯೋಕಾಗ್ಲಿಲ್ಲ. ನಿಮ್ಮ ಬೆಂಚು ಖಾಲಿ ಆದ್ಮೇಲೆ ಗೊತ್ತಾಯ್ತು, ನಾನೆಂಥ ದಡ್ಡ ಅಂತ."

ಆ ಹಾಳೆಯನ್ನು ಕ್ಲಾಸಿನ ಕಿಟಕಿ ಗಾಜಿಗೆ ಅಂಟಿಸಿದ್ದಾರಂತೆ. ಬಿಸಿಲು ಬಂದರೆ ಸೂಜಿತೂತುಗಳ ಬೆಳಕು ಮೇಜಿನ ಮೇಲೆ ಚೆಲ್ಲುತ್ತದಂತೆ, ಪಾಠ ಅಲ್ಲಿಗೇ ನಿಂತುಹೋಗುತ್ತದಂತೆ.

"ನೀವಂದ್ರೆ ನಂಗೆ ತುಂಬಾ ಇಷ್ಟ," ಎಂದರು ಮೆಲ್ಲಗೆ. "ಕ್ಲಾಸಿಗೆ ಬರದಿದ್ರೂ ಇಷ್ಟಾನೇ. ಆದ್ರೆ ನನ್ನ ದಡ್ಡತನಕ್ಕೆ ನಿಮ್ಮ ಪರೀಕ್ಷೆ ಬಿಡಬೇಡಿ."

ಬಿಳಿ ದಾರದ ಉಂಡೆಗೆ ಕೈ ಹಾಕಿದವಳು ಅದನ್ನು ಬಿಟ್ಟು ಕೆಂಪನ್ನು ಎತ್ತಿಕೊಂಡಳು. ಶರ್ಟು ಅವರ ಮೈಮೇಲಿದ್ದಂತೆಯೇ ಹೊಲಿಯತೊಡಗಿದಳು. ಬೆರಳಿನ ಕೆಳಗೆ ಅವರ ನಾಡಿ ಹೊಡೆದುಕೊಳ್ಳುತ್ತಿತ್ತು. ದಾರ ಕಡಿಯಲು ಬಾಗಿದಾಗ ಅವಳ ಉಸಿರು ಅವರ ಮಣಿಕಟ್ಟಿಗೆ ತಾಗಿತು. ಇಬ್ಬರೂ ಅಲ್ಲಾಡಲಿಲ್ಲ.

ಅವರು ಕೈ ಎತ್ತಿ ನೋಡಿದರು. ಅರ್ಧ ಕಫ್ ಇನ್ನೂ ಜೋತಾಡುತ್ತಿತ್ತು.

"ಇನ್ನರ್ಧ?"

"ನಾಳೆ," ಎಂದಳು, ಮೊದಲ ಸಲ ಅವರ ಕಣ್ಣನ್ನೇ ನೋಡುತ್ತಾ. "ಕ್ಲಾಸ್ ಮುಗಿದ ಮೇಲೆ. ಸೂಜಿ ನಾನೇ ತರ್ತೀನಿ."

ಒಳಗೆ ಅತ್ತೆ, ಎಂದೋ ಕುದಿದು ಆರಿದ್ದ ಚಹಾವನ್ನು ಮತ್ತೆ ಒಲೆಯ ಮೇಲಿಟ್ಟಳು.